ಅತ್ತಿಮರದ ತಲೆಬರಹ

ಗುಡ್ಡದ ಮಗ್ಗುಲಿನ ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಬರೆಯುವ ಹುಚ್ಚು. ಯಾರಿಗೆ ಏನು ಗೊತ್ತೋ ಅದನ್ನು ತಮ್ಮ ತಮ್ಮ ಮರದ ತೊಗಟೆಯ ಮೇಲೆ ಕೆತ್ತಿಡುವುದು ಅಲ್ಲಿನ ಪದ್ಧತಿ. ಹಲಸು ಎಲ್ಲಿ ಹಣ್ಣಾಗಿದೆ, ಹೊಟ್ಟೆನೋವಿಗೆ ಯಾವ ಸೊಪ್ಪು, ಎಲ್ಲವೂ ತೊಗಟೆಯ ಮೇಲೆ ಸಿಗುತ್ತಿತ್ತು.

ಆದರೆ ಮಕ್ಕಳೇ, ಕಾಡೆಂದರೆ ಮರ ಒಂದೇ ಎರಡೇ? ಬೇಕಾದದ್ದನ್ನು ಹುಡುಕಿಕೊಡುವ ಕೆಲಸ ಕಾಜಾಣ ಹಕ್ಕಿಯದು. ಅದು ದಿನಾ ಬೆಳಿಗ್ಗೆ ಕಾಡೆಲ್ಲ ಹಾರಿ, ಪ್ರತಿ ತೊಗಟೆಯ ತಲೆಬರಹವನ್ನು ಮಾತ್ರ ಓದಿಕೊಂಡು ಬರುತ್ತಿತ್ತು. ಪೂರ್ತಿ ಓದುತ್ತ ಕೂತರೆ ಹುಳ ಹಿಡಿಯುವುದು ಯಾವಾಗ? ಯಾರಾದರೂ ಏನಾದರೂ ಕೇಳಿದರೆ, ಆ ಮಾತು ಯಾವ ತಲೆಬರಹದಲ್ಲಿ ಹೆಚ್ಚು ಸಲ ಇದೆಯೋ ಆ ಮರವನ್ನು ಮೊದಲು ತೋರಿಸುತ್ತಿತ್ತು.

ಬರೆಯುವವರು ಮಾತ್ರ ಮನಸ್ಸಿಗೆ ಬಂದಂತೆ ಬರೆಯುತ್ತಿದ್ದರು. ಒಂದೇ ನೀರಿನ ಗುಂಡಿಯನ್ನು ಮೊಲ ಹೊಂಡ ಎಂದಿತು, ಕಡವೆ ಮಡು ಎಂದಿತು. ನವಿಲು 'ಚಂದ್ರನ ಕನ್ನಡಿ' ಎಂದು ಕೆತ್ತಿ ಕತ್ತು ಕೊಂಕಿಸಿತು. ಬಾಯಾರಿದವರು ಬಂದು "ನೀರು ಎಲ್ಲಿ?" ಎಂದು ಕೇಳಿದರೆ ಕಾಜಾಣ ಪಿಳಿಪಿಳಿ ಕಣ್ಣು ಬಿಡುತ್ತಿತ್ತು.

ಕೊನೆಗೆ ಆಮೆಯಜ್ಜಿ ಎಲ್ಲರನ್ನೂ ಕರೆದು ಕೂರಿಸಿತು.

"ಇನ್ನು ಮೇಲೆ ಎಲ್ಲರಿಗೂ ಒಂದೇ ಕಟ್ಟಳೆ. ಹುಡುಕುವವರ ಬಾಯಲ್ಲಿ ಯಾವ ಹೆಸರಿದೆಯೋ ಎಲ್ಲರೂ ಅದನ್ನೇ ಬರೆಯಿರಿ. ತಲೆಬರಹದಲ್ಲಿ ಒಂದು ಸಲ ಬಂದರೆ ಸಾಕು. ಮೇಲೆ ಏನು ಹೇಳಿದ್ದೀರೋ ಕೆಳಗೆ ಅದೇ ಇರಬೇಕು."

"ಹಾಗಾದರೆ ನನ್ನ ಶೈಲಿಯ ಗತಿ ಏನಜ್ಜಿ?" ನವಿಲು ಮುಖ ಊದಿಸಿಕೊಂಡಿತು.

"ಶೈಲಿ ಕೆಳಗಿರಲಿ ಮಗಾ. ಬಾಯಾರಿದವರಿಗೆ ಮೊದಲು ನೀರು ಸಿಗಲಿ."

ಎಲ್ಲರೂ ಒಪ್ಪಿದರು. ನರಿಯೂ ಕೋಲೆಬಸವನ ಹಾಗೆ ತಲೆಯಾಡಿಸಿತು. ಅದಕ್ಕೆ ಇದ್ದದ್ದು ಒಂದೇ ಚಟ, ತನ್ನ ಮರದ ಕೆಳಗೆ ಸದಾ ಗುಂಪು ಸೇರಿರಬೇಕು. ನೆಟ್ಟಗೆ ಮನೆಗೆ ಹೋಗಿ ಅತ್ತಿಮರದ ಮೇಲೆ ಹೀಗೆ ಕೆತ್ತಿತು: 'ನೀರು ನೀರು! ಹಣ್ಣು ಹಣ್ಣು! ಕಣ್ಣಿಗೆ ಮದ್ದು, ಹೊಟ್ಟೆಗೆ ಮದ್ದು, ಮದ್ದು ಮದ್ದು ಮದ್ದು!' ಕೆಳಗೆ ಇದ್ದದ್ದು ನರಿಯ ತಾತ ಹುಲಿಯನ್ನು ಹೆದರಿಸಿದ ಕತೆ. ಅದೂ ಸುಳ್ಳು.

ಮರುದಿನದಿಂದ ಅತ್ತಿಮರದ ಬುಡದಲ್ಲಿ ಕಾಲಿಡಲು ಜಾಗವಿಲ್ಲ. ಬಂದವರು ಓದುತ್ತಿದ್ದರು, ಬೈದುಕೊಂಡು ಹೋಗುತ್ತಿದ್ದರು.

"ಇದು ಸರಿಯಾ ನರಿಯಣ್ಣ?" ಎಂದು ಮೊಲ ಕೇಳಿಯೇಬಿಟ್ಟಿತು. "ಹೊಟ್ಟೆನೋವು ಅಂತ ಬಂದವಳಿಗೆ ನಿಮ್ಮ ತಾತನ ಕತೆ ಯಾಕೆ?"

"ಬಂದೆ ತಾನೇ? ನನಗೆ ಅಷ್ಟು ಸಾಕು," ಎಂದು ನರಿ ಮೀಸೆ ತಿರುವಿತು.

ಆ ಗುಂಪು ನೋಡಿ ತೋಳನಿಗೂ ಮುಂಗುಸಿಗೂ ಆಸೆಯಾಯಿತು. ಅವೂ ತಮ್ಮ ಮರಗಳ ಮೇಲೆ ಮದ್ದು, ಮದ್ದು ಎಂದು ಕೆತ್ತಿಕೊಂಡವು. ಕಟ್ಟಳೆ ಆಮೆಯಜ್ಜಿಯ ಚಿಪ್ಪಿನೊಳಗೇ ಉಳಿಯಿತು.

ಒಂದು ಮಧ್ಯಾಹ್ನ ನರಿಯ ಮರಿ ಎಕ್ಕದ ಗಿಡ ಮುರಿದು ಆಡುತ್ತಿತ್ತು. ಹಾಲು ಚಿಮ್ಮಿ ಎರಡು ಕಣ್ಣಿಗೂ ಬಿತ್ತು.

"ಅಪ್ಪಾ, ಉರಿ! ಉರಿ!" ಮರಿ ಪಂಜದಿಂದ ಕಣ್ಣು ಉಜ್ಜತೊಡಗಿತು.

ನರಿ ಗುಹೆಯಿಂದ ಹೊರಗೆ ಹಾರಿತು. ಬೇರೆಯವರ ಮರವನ್ನು ಅದು ಎಂದೂ ಓದಿರಲಿಲ್ಲ. ಕಾಜಾಣದ ಬಳಿಗೆ ಓಡಿತು.

"ಕಣ್ಣಿಗೆ ಮದ್ದು ಎಲ್ಲಿದೆಯಪ್ಪಾ? ಬೇಗ ಹೇಳು!"

"ಅತ್ತಿಮರದಲ್ಲಿ. ಅಷ್ಟು ಸಲ ಮದ್ದು ಅಂತ ಬೇರೆ ಯಾರೂ ಬರೆದಿಲ್ಲ."

"ಅದು ನನ್ನದೇ ಮರ! ಅಲ್ಲಿ ಏನೂ ಇಲ್ಲ!"

"ಹಾಗಂತ ನೀನು ಮೇಲೆ ಬರೆದಿಲ್ಲವಲ್ಲ," ಎಂದಿತು ಕಾಜಾಣ. "ಅದು ಬೇಡವಾದರೆ ತೋಳನ ಮರ ನೋಡು. ಆಮೇಲೆ ಮುಂಗುಸಿಯದು."

ತೋಳನ ಮರದಲ್ಲಿ ತೋಳನ ಶೌರ್ಯವಿತ್ತು. ಮುಂಗುಸಿಯ ಮರದಲ್ಲಿ ಮುಂಗುಸಿಯ ಮದುವೆಯ ವಿವರವಿತ್ತು. "ಮದ್ದು ಎಲ್ಲೋ?" ಎಂದು ನರಿ ಗದರಿದರೆ, "ನಿನ್ನನ್ನು ನೋಡಿಯೇ ಬರೆದೆ ಅಣ್ಣಾ" ಎಂದು ಮುಂಗುಸಿ ಹಲ್ಲು ಕಿರಿಯಿತು.

ಗುಡ್ಡದ ಆಚೆ ಮುಳ್ಳುಹಂದಿಯ ಹುಣಸೆಮರವಿತ್ತು. ಕಟ್ಟಳೆಯಂತೆ ಅದರ ಮೇಲೆ ಒಂದೇ ಸಲ 'ಕಣ್ಣಿಗೆ ಮದ್ದು' ಎಂದು ಬರೆದಿತ್ತು. ಆದ್ದರಿಂದಲೇ ಕಾಜಾಣ ಅದನ್ನು ಎಲ್ಲಕ್ಕಿಂತ ಕೊನೆಗೆ ತೋರಿಸಿತು. ನರಿ ಅಲ್ಲಿಗೆ ಮುಟ್ಟುವಾಗ ಹೊತ್ತು ಇಳಿದಿತ್ತು. ಏದುಸಿರು ಬಿಡುತ್ತ ಓದಿತು: 'ಎಕ್ಕದ ಹಾಲು ಬಿದ್ದರೆ ಕಣ್ಣು ಉಜ್ಜಬೇಡಿ. ಕೂಡಲೇ ತಿಳಿನೀರಿನಲ್ಲಿ ತೊಳೆಯಿರಿ, ತೊಳೆಯುತ್ತಲೇ ಇರಿ.'

ನೀರಿನ ತೊರೆ ನರಿಯ ಗುಹೆಯ ಬಾಗಿಲಲ್ಲೇ ಹರಿಯುತ್ತಿತ್ತು.

ಬಿದ್ದಂಬೀಳ ಓಡಿ ಬಂದು ನರಿ ಮರಿಯ ಕಣ್ಣು ತೊಳೆಯಿತು. ಒಂದು ಕಣ್ಣು ಉಳಿಯಿತು, ಒಂದು ಹೋಯಿತು.

ಉರಿ ಇಳಿದ ಮೇಲೆ ಮರಿ ಕೇಳಿತು: "ಅಪ್ಪಾ, ಕಣ್ಣಿಗೆ ಮದ್ದು ನಮ್ಮ ಮರದಲ್ಲೇ ಇದೆಯಂತಲ್ಲ. ಅದನ್ನು ಯಾಕೆ ಹಾಕಲಿಲ್ಲ?"



ನೀತಿ: ಎಲ್ಲರೂ ಒಪ್ಪಿದ ಬರವಣಿಗೆಯ ಕಟ್ಟಳೆಯನ್ನು ಗುಂಪು ಸೇರಿಸುವ ಆಸೆಗೆ ಮುರಿದವನಿಗೆ, ತಾನೇ ಹುಡುಕುವ ದಿನ ದಾರಿ ಸಿಗುವುದಿಲ್ಲ.