ಅವಳು ಮುಟ್ಟಿದ ಕಡ್ಡಿ

"ಗುರುಗಳೇ, ಸತ್ತವರ ನೆನಪು ಮಾಸದ ಹಾಗೆ ಕಾಪಾಡಿಕೊಳ್ಳುವುದು ಹೇಗೆ?"

ಹೀಗೆ ಕೇಳಿದವನು ಶಂಭುಲಿಂಗ. ಮಠಕ್ಕೆ ಬಂದು ಅವನಿಗೆ ಎರಡು ವರ್ಷವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ, ಇನ್ನೂ ಮೊಲೆಹಾಲು ಬಿಡದ ಹೆಣ್ಣುಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ತಿರುಗಿ ನೋಡದೆ ಬಂದುಬಿಟ್ಟಿದ್ದ. ಮಗುವಿನ ಮುಖ ಕಂಡರೆ ಸಂಕಟ ಹೆಚ್ಚುತ್ತದೆ ಎಂದು ಬಂದ ದಿನ ಹೇಳಿದ್ದ. ಆಮೇಲೆ ಆ ಮಾತು ಎತ್ತಿರಲಿಲ್ಲ. ಅವನ ಗಂಟಿನಲ್ಲಿ ಹೆಂಡತಿಯ ಒಂದು ಸೀರೆ ಇತ್ತು. ದಿನಾ ಬೆಳಿಗ್ಗೆ ಅದನ್ನು ಬಿಡಿಸಿ, ಅವಳು ಮಡಚಿದ್ದ ಮಡಿಕೆಯಲ್ಲೇ ಮತ್ತೆ ಮಡಚಿಡುತ್ತಿದ್ದ.

"ಸೀರೆ ಇದೆ. ಮುಖ ನೆನಪಿದೆ. ಅವಳ ದನಿ ಮಾತ್ರ ಹೋಗಿಬಿಟ್ಟಿದೆ" ಎಂದ. "ಮೊನ್ನೆಯಿಂದ ಎಷ್ಟು ತಿಣುಕಿದರೂ ಅವಳು ನನ್ನನ್ನು ಕರೆಯುತ್ತಿದ್ದ ದನಿ ಹೇಗಿತ್ತು ಅಂತ ನೆನಪಾಗುತ್ತಿಲ್ಲ. ಅದೂ ಹೋದರೆ ನನಗೆ ಇನ್ನೇನು ಉಳಿಯಿತು ಗುರುಗಳೇ?" ಹೇಳುತ್ತ ಹೇಳುತ್ತ ಅತ್ತುಬಿಟ್ಟ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಅವರದು ಒರಟು ಬಾಯಿ. ಅತ್ತವರನ್ನು ಕಂಡರೆ ಗದರುವುದೇ ಹೆಚ್ಚು. ಅಂದು ಗದರಲಿಲ್ಲ.

"ಮೂಗು ಒರೆಸಿಕೊಂಡು ಸರಿಯಾಗಿ ಕೂತುಕೋ. ಒಬ್ಬ ನೇಕಾರನ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಗುಡ್ಡದ ತಪ್ಪಲಲ್ಲಿ ಒಂದು ಊರು. ಅಲ್ಲಿ ಒಬ್ಬ ನೇಕಾರ. ಅವನ ಹೆಂಡತಿ ಗುಡ್ಡದ ಮೇಲಿನ ಊರಿನವಳು. ಮದುವೆಯಾಗಿ ಬರುವಾಗ ತವರಿನಿಂದ ಒಂದು ತೆಂಗಿನ ಚಿಪ್ಪು ಹಿಡಿದುಕೊಂಡು ಬಂದಳು. ಚಿಪ್ಪಿನ ತುಂಬ ಮಣ್ಣು, ಮಣ್ಣಿನಲ್ಲಿ ಒಂದು ಮುಳ್ಳುಗಿಡ. ಪೇಟೆಯವರು ಅದನ್ನು ಕಪ್ಪು ರಾಸ್ಪ್‌ಬೆರಿ ಅನ್ನುತ್ತಾರಂತೆ. ಅವಳ ತವರಿನವರಿಗೆ ಅದು ಬರೀ ಮುಳ್ಳುಹಣ್ಣು.

"ಎಲ್ಲರ ಹೆಂಡಿರು ಹೂವಿನ ಗಿಡ ತಂದರೆ ನೀನು ಮುಳ್ಳು ತಂದೆಯಲ್ಲೇ!" ಎಂದು ನೇಕಾರ ಆಡಿಕೊಂಡ. "ಹಣ್ಣು ತಿಂದ ಮೇಲೆ ಮಾತಾಡಿ" ಎಂದಳು ಅವಳು. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ, ಮೋಟುಗೋಡೆಯ ಪಕ್ಕಕ್ಕೆ ನೆಟ್ಟಳು.

ಆ ಗಿಡದ ರೀತಿಯೇ ಬೇರೆ. ಮಳೆಗಾಲದಲ್ಲಿ ಬುಡದಿಂದ ಕಡ್ಡಿ ಏಳುತ್ತದೆ. ಆ ವರ್ಷ ಹಣ್ಣಿಲ್ಲ, ಬರೀ ಬೆಳೆಯುವುದು. ಮಾರನೆಯ ಬೇಸಿಗೆಗೆ ಆ ಕಡ್ಡಿ ಮೈತುಂಬ ಹಣ್ಣು ಬಿಡುತ್ತದೆ. ಬಿಟ್ಟು ಒಣಗುತ್ತದೆ. ಒಣಗಿದ್ದು ಮತ್ತೆ ಚಿಗುರುವುದಿಲ್ಲ. ಅಷ್ಟು ಹೊತ್ತಿಗೆ ಬುಡದಲ್ಲಿ ಹೊಸ ಕಡ್ಡಿ ಎದ್ದಿರುತ್ತದೆ. ಅವಳು ಹಣ್ಣು ಮುಗಿದ ಕೂಡಲೇ ಕುಡುಗೋಲು ತಂದು ಹಳೆಯದನ್ನು ಬುಡಕ್ಕೆ ಕಡಿಯುತ್ತಿದ್ದಳು, ಹೊಸದನ್ನು ಬಿಡುತ್ತಿದ್ದಳು. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆ ನಿಂತು ಇದೇಕೆ, ಅದೇಕೆ ಅಂತ ಕೇಳಿ ತಿಳಿದುಕೊಳ್ಳುತ್ತಿದ್ದಳು. ನೇಕಾರ ಮಗ್ಗದ ಗುಂಡಿಯಿಂದ ಏಳುತ್ತಿರಲಿಲ್ಲ. ಆ ಮಹಾರಾಯ ಹಣ್ಣು ತಿಂದನೇ ಹೊರತು ಗಿಡವನ್ನು ಒಂದು ದಿನವೂ ನೋಡಲಿಲ್ಲ.

ಅವರಿಗೆ ಒಬ್ಬಳು ಮಗಳು. ಆ ಹಣ್ಣನ್ನು ಕಿತ್ತರೆ ಒಳಗೆ ಪೊಳ್ಳು, ಪುಟ್ಟ ಟೋಪಿಯ ಹಾಗೆ ಕೈಗೆ ಬರುತ್ತದೆ. ತಾಯಿ ತನ್ನ ಐದೂ ಬೆರಳಿಗೆ ಐದು ಹಣ್ಣು ತೊಡಿಸಿಕೊಂಡು ಮಗಳ ಬಾಯಿಗೆ ಒಡ್ಡುವಳು. ಮಗಳು ಒಂದೊಂದೇ ಬೆರಳಿನಿಂದ ಕಚ್ಚಿ ತಿನ್ನುವಳು. ಇಬ್ಬರಿಗೂ ನಗುವೋ ನಗು.

ಒಂದು ಮಳೆಗಾಲ ತಾಯಿಗೆ ಜ್ವರ ಬಂತು. ಹೊಸ ಕಡ್ಡಿಗಳು ಆಳೆತ್ತರ ಎದ್ದಿದ್ದವು. ಅವಳು ಮತ್ತೆ ಏಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವೇ ಕಡ್ಡಿಗಳು ಹಣ್ಣು ಬಿಟ್ಟವು. ನೇಕಾರ ಗಿಡದ ಬುಡದಲ್ಲಿ ಕೂತು ತಿಂದು ಅತ್ತ. ಹಣ್ಣು ಮುಗಿಯಿತು, ಕಡ್ಡಿ ಒಣಗತೊಡಗಿತು. ಅವನು ಬಗ್ಗಿ ನೋಡುತ್ತಾನೆ, ಬುಡದಲ್ಲಿ ಹೊಸ ಚಿಗುರು! ಓಹೋ, ಈ ಹಾಳಾದ ಚಿಗುರೇ ನೀರು ಕುಡಿದು ಅವಳ ಕಡ್ಡಿಯನ್ನು ಕೊಲ್ಲುತ್ತಿದೆ ಅಂದುಕೊಂಡ. ಕುಡುಗೋಲು ತಂದು ಚಿಗುರನ್ನೆಲ್ಲ ಸವರಿದ.

"ಅಯ್ಯೋ, ಏನು ಮಾಡುತ್ತಿದ್ದೀಯೋ ತಮ್ಮಾ! ಒಣಗಿದ್ದನ್ನು ಕಡಿ, ಚಿಗುರನ್ನು ಬಿಡು" ಎಂದು ಅಜ್ಜಿ ಗೋಡೆಯಾಚೆಯಿಂದ ಕೂಗಿದಳು.

"ಇದು ಅವಳು ಮುಟ್ಟಿದ ಕಡ್ಡಿ ಅಜ್ಜಿ. ಆ ಚಿಗುರು ಅವಳು ಹೋದ ಮೇಲೆ ಹುಟ್ಟಿದ್ದು. ಅದಕ್ಕೆ ಅವಳು ಯಾರು ಅಂತ ಗೊತ್ತೇ?" ಎಂದ ನೇಕಾರ.

ಒಣಗಿದ ಕಡ್ಡಿಗಳನ್ನು ಮಗ್ಗದ ನೂಲಿನಿಂದ ಬಿದಿರ ಗಳುವಿಗೆ ಕಟ್ಟಿ ನಿಲ್ಲಿಸಿದ. ಚಿಗುರು ಎದ್ದಾಗಲೆಲ್ಲ ಕಡಿದ. ಒಂದು ದಿನ ಮಗಳು ಅಲ್ಲಿ ಆಡುತ್ತಿದ್ದಾಗ ಲಂಗ ಮುಳ್ಳಿಗೆ ಸಿಕ್ಕಿ, ಒಂದು ಕಡ್ಡಿ ಲಟಕ್ಕನೆ ಮುರಿಯಿತು. ನೇಕಾರ ಓಡಿಬಂದು ಅವಳ ಕೆನ್ನೆಗೆ ಹೊಡೆದ. ಅಲ್ಲಿಯವರೆಗೆ ಅವಳಿಗೆ ಕೈಯೆತ್ತಿದವನಲ್ಲ. "ಅಮ್ಮನ ಗಿಡ ಮುಟ್ಟಿದರೆ ನೋಡು!" ಎಂದ. ಹುಡುಗಿ ಅಳಲಿಲ್ಲ. ಅಂದಿನಿಂದ ಹಿತ್ತಲಿಗೆ ಕಾಲಿಡಲಿಲ್ಲ. ಮನೆಯಲ್ಲಿ ಮಾತೂ ಕಡಿಮೆಯಾಯಿತು. ಅಜ್ಜಿಯ ಮನೆಯಲ್ಲಿ ಉಂಡು, ಅಲ್ಲೇ ಆಡಿಕೊಂಡು, ಮಲಗುವುದಕ್ಕೆ ಮಾತ್ರ ಬರುತ್ತಿದ್ದಳು. ನೇಕಾರನಿಗೆ ಅದು ಗಮನಕ್ಕೇ ಬರಲಿಲ್ಲ. ಅವನ ಜೀವವೆಲ್ಲ ಆ ಕಡ್ಡಿಯಲ್ಲಿತ್ತು.

ಎಷ್ಟು ಸಲ ಅಂತ ಬೇರು ಚಿಗುರೀತು ಹೇಳು? ಅದೂ ಸೋತಿತು. ಒಂದು ಮಳೆಗಾಲ ಏನೂ ಏಳಲಿಲ್ಲ. ಕಟ್ಟಿ ನಿಲ್ಲಿಸಿದ್ದ ಕಡ್ಡಿಗಳಿಗೆ ಗೆದ್ದಲು ಹತ್ತಿತು. ಅವನು ಕೈಯಿಟ್ಟರೆ ಪುಡಿಪುಡಿ ಉದುರಿದವು. ನೂಲಿನ ಗಂಟುಗಳು ಮಾತ್ರ ಗಳುವಿನಲ್ಲಿ ಉಳಿದವು.

ಆಮೇಲಿನ ಬೇಸಿಗೆಯಲ್ಲಿ ಅವನು ಬರಿ ನೆಲವನ್ನು ನೋಡುತ್ತ ಹಿತ್ತಲಲ್ಲಿ ಕೂತಿದ್ದ. ಗೋಡೆಯಾಚೆ ಯಾರೋ ನಕ್ಕರು. ಎದ್ದು ಇಣುಕಿದ.

ಅಲ್ಲಿ ಮುಳ್ಳುಹಣ್ಣಿನ ಪೊದೆ. ಕಡ್ಡಿಗಳು ಬಾಗುವಷ್ಟು ಕರಿ ಹಣ್ಣು. ಆ ಗಿಡಕ್ಕೆ ಇನ್ನೊಂದು ರೀತಿಯಿದೆಯಪ್ಪ. ಉದ್ದ ಕಡ್ಡಿ ಬಾಗಿ ಅದರ ತುದಿ ನೆಲ ಮುಟ್ಟಿದರೆ, ಅಲ್ಲೇ ಬೇರುಬಿಟ್ಟು ಬೇರೆ ಗಿಡವಾಗುತ್ತದೆ. ಅವಳು ಹೋದ ಮಳೆಗಾಲದಲ್ಲೇ ಒಂದು ಕಡ್ಡಿ ಮೋಟುಗೋಡೆ ದಾಟಿ ಆಚೆ ಮಣ್ಣಿಗೆ ತುದಿಯೂರಿತ್ತು. ಅಜ್ಜಿ ಕೇಳಿ ಕಲಿತಿದ್ದಳಲ್ಲ, ವರ್ಷ ವರ್ಷವೂ ಹಳೆಯದನ್ನು ಕಡಿದು ಹೊಸದನ್ನು ಬಿಟ್ಟಿದ್ದಳು.

ಪೊದೆಯ ಮುಂದೆ ಅವನ ಮಗಳು. ಎತ್ತರವಾಗಿದ್ದಳು. ತುಟಿಯೆಲ್ಲ ಕಪ್ಪು. ಐದು ಬೆರಳಿಗೆ ಐದು ಹಣ್ಣು ತೊಡಿಸಿಕೊಂಡು ಅಜ್ಜಿಯ ಬಾಯಿಗೆ ಒಡ್ಡಿ, ಕಚ್ಚಲು ಬಂದಾಗ ಕೈ ಹಿಂದಕ್ಕೆಳೆದು ನಗುತ್ತಿದ್ದಳು. ತಾಯಿಯೂ ಹಾಗೆಯೇ ಮಾಡುತ್ತಿದ್ದಳು. ನೇಕಾರನಿಗೆ ಅದು ಮರೆತೇಹೋಗಿತ್ತು. ಗೋಡೆಯ ಮೇಲಿಂದ ಕೈಚಾಚಿ, "ಮಗಾ..." ಎಂದ.

ಹುಡುಗಿ ತಿರುಗಿದಳು. ಅಪ್ಪನನ್ನು ಕಂಡದ್ದೇ ತಡ, ನಗು ನಿಂತಿತು. ಗಡಬಡಿಸಿ ಹಣ್ಣುಗಳನ್ನು ಲಂಗಕ್ಕೆ ಒರೆಸಿ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಇಲ್ಲಪ್ಪಾ, ನಾನು ಅಮ್ಮನ ಗಿಡ ಮುಟ್ಟಿಲ್ಲ" ಎಂದಳು.

ಗುರುಗಳು ಕತೆ ನಿಲ್ಲಿಸಿ ಮತ್ತೆ ಬತ್ತಿ ಕೈಗೆತ್ತಿಕೊಂಡರು. ಶಂಭುಲಿಂಗ ಕಾದ. ಅವರು ಮುಂದೆ ಹೇಳುವ ಹಾಗೆ ಕಾಣಲಿಲ್ಲ.

"ಆಮೇಲೆ ಅವನು ಏನು ಮಾಡಿದ ಗುರುಗಳೇ? ಮಗಳು ಹತ್ತಿರ ಬಂದಳೇ?"

"ಅವರ ಮಾತು ಹಾಗಿರಲಿ" ಎಂದರು ಗುರುಗಳು. "ನಿನ್ನ ಮಗಳು ಈಗ ಮಾತು ಕಲಿತಿರಬೇಕಲ್ಲ, ಅವಳಿಗೆ ಯಾರ ದನಿ ಬಂದಿದೆಯಪ್ಪಾ?"

ಶಂಭುಲಿಂಗನಿಗೆ ಗೊತ್ತಿರಲಿಲ್ಲ.