ಗಾಳೆವ್ವನ ಕೊರಕಲು

"ಕಣ್ಣು ಮುಚ್ಚಿ ಕುಳಿತರೆ ಸಾಕು, ಒಳಗೆ ಸಂತೆ ನೆರೆಯುತ್ತದೆ," ಎಂದ ಮರುಳಯ್ಯ. "ಮೂರು ವರ್ಷವಾಯಿತು ಗುರುಗಳೇ. ಈ ಗದ್ದಲ ನಿಲ್ಲದೆ ನನಗೆ ಏನಾದರೂ ಸಿಕ್ಕೀತೇ? ಅಥವಾ ನಾನು ಈ ದಾರಿಗೆ ತಕ್ಕವನೇ ಅಲ್ಲವೇ?"

ಮಠಕ್ಕೆ ಬಂದ ಮೇಲೆ ಅವನು ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು. ಗುರುಗಳು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿಟ್ಟರು.

"ಒಬ್ಬ ಸೊಸೆಯ ಕತೆ ಹೇಳುತ್ತೇನೆ, ಕೇಳು," ಎಂದರು.

ಬೆಟ್ಟದ ಸೀಮೆಯಲ್ಲಿ ಒಂದು ಊರು. ಅಲ್ಲಿ ಜಾಲಗಾರರ ಇಪ್ಪತ್ತು ಮನೆಗಳಿದ್ದವು. ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನದ ಕಣ ತೆಗೆಯುವುದು ಅವರ ಕಸುಬು. ಮೊದಲ ಮಳೆಗೆ ಹಳ್ಳ ಹರಿದಾಗ ಎಲ್ಲ ಮನೆಯವರೂ ಮರಿಗೆ ಹಿಡಿದು ಸಾಲಾಗಿ ನೀರಿಗಿಳಿಯುತ್ತಿದ್ದರು. ಒಬ್ಬಳು ಮಾತ್ರ ಇಳಿಯುವಂತಿರಲಿಲ್ಲ. ಅವಳು ಗಾಳೆವ್ವ.

ಇಪ್ಪತ್ತಾರು ವರ್ಷದ ಹಿಂದೆ ಗಾಳೆವ್ವ ಬೆಟ್ಟದ ಕೆಳಗಿನ ಕೆಂಪು ಕೊರಕಲಿನಲ್ಲಿ ಸೌದೆ ಆರಿಸುತ್ತಿದ್ದಾಗ ಅವಳಿಗೆ ಚಿನ್ನದ ಒಂದು ಗಟ್ಟಿ ಸಿಕ್ಕಿತ್ತು. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿಬಂದು ಎಲ್ಲರಿಗೂ ತೋರಿಸಿದಳು. ಅದೇ ವಾರ ಗುಡಿಯಲ್ಲಿ ದೇವಿಯ ಮೂಗುತಿ ಕಾಣೆಯಾಗಿತ್ತು. ಹಿರಿಯರು ಕೂಡಿದರು. ಕೆಂಪು ಕೊರಕಲಿನಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದಲೂ ಒಂದು ಕಣವೂ ಸಿಕ್ಕಿಲ್ಲ, ಇವಳಿಗೆ ಗಟ್ಟಿ ಎಲ್ಲಿಂದ ಬಂತು ಎಂದರು. ಮೂಗುತಿ ಕರಗಿಸಿದ್ದಾಳೆ ಎಂದು ತೀರ್ಮಾನವಾಯಿತು. ಗಟ್ಟಿಯನ್ನು ಗುಡಿಗೆ ತೆಗೆದುಕೊಂಡರು. ಇನ್ನು ಮುಂದೆ ಹಳ್ಳಕ್ಕೆ ಕಾಲಿಡಬಾರದು ಎಂದು ಕಟ್ಟು ಹಾಕಿದರು.

ಗಾಳೆವ್ವ ಕಲ್ಲು ಒಡೆಯುವ ಕೆಲಸಕ್ಕೆ ಹೋದಳು. ಗಂಡ ತೀರಿಕೊಂಡ. ಮಗ ಬೆಳೆದ, ಅವನೂ ಕಲ್ಲಿನ ಕೆಲಸಕ್ಕೇ ಹೋದ. ಅವನಿಗೆ ಹೆಣ್ಣು ಕೊಡಲು ಜಾಲಗಾರರಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ಹೊಳೆಯಾಚೆಯ ಊರಿನಿಂದ ನಿಂಬೆವ್ವ ಎಂಬವಳು ಸೊಸೆಯಾಗಿ ಬಂದಳು.

ಬಂದ ಹೊಸದರಲ್ಲಿ ನೀರಿನ ಕಟ್ಟೆಯ ಬಳಿ ಹೆಂಗಸರು ಅವಳಿಗೆ ಅತ್ತೆಯ ಕತೆ ಹೇಳಿದರು. ನಿಂಬೆವ್ವ ಕೊಡ ಇಳಿಸಿ ಮನೆಗೆ ಬಂದು ನೇರವಾಗಿಯೇ ಕೇಳಿದಳು.

"ಅತ್ತಿ, ನೀವು ತಗೊಂಡಿದ್ರೇನು?"

"ಇಲ್ಲವ್ವ," ಎಂದಳು ಗಾಳೆವ್ವ. ಇಪ್ಪತ್ತು ವರ್ಷಗಳಲ್ಲಿ ಅವಳನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ.

ನಿಂಬೆವ್ವ ಮತ್ತೆ ಕೇಳಲಿಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು.

ಆರು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಬೆಟ್ಟದ ನೆಲವನ್ನು ಪರೀಕ್ಷಿಸಲು ಪರವಾನಗಿ ಪಡೆದ ಸಮೀಕ್ಷೆಯವರು ಬಂದು ಡೇರೆ ಹಾಕಿದರು. ಅವರ ಬಳಿ ಒಂದು ಯಂತ್ರವಿತ್ತು. ಉದ್ದ ಕೋಲು, ಅದರ ತುದಿಗೆ ಊಟದ ತಟ್ಟೆಯಂಥ ಒಂದು ಬಿಲ್ಲೆ. ಅದನ್ನು ನೆಲದ ಮೇಲೆ ಸವರಿಕೊಂಡು ಹೋದರೆ ಕೆಳಗೆ ಲೋಹ ಇದ್ದಲ್ಲಿ ಯಂತ್ರ ಕೂಗುತ್ತದೆ. ನಿಂಬೆವ್ವ ಅವರಿಗೆ ಅಡುಗೆ ಮಾಡಿ ಹಾಕಲು ಸೇರಿಕೊಂಡಳು.

ಸಮೀಕ್ಷಕ ಆ ಯಂತ್ರವನ್ನು ಕೆಂಪು ಕೊರಕಲಿಗೂ ಒಯ್ದ. ಅಲ್ಲಿ ಕಾಲಿಟ್ಟ ಕಡೆಯಲ್ಲೆಲ್ಲ ಅದು ಕೂಗಿತು. ಅಗೆದಲ್ಲೆಲ್ಲ ಕರಿ ಕಲ್ಲು, ಕೆಂಪು ಮಣ್ಣು. ಮೂರನೆಯ ದಿನ ಅವನು ಬೇಸತ್ತು ಯಂತ್ರವನ್ನು ಡೇರೆಗೆ ತಂದೊಗೆದ.

"ಆ ನೆಲದ ತುಂಬ ಕಬ್ಬಿಣ. ಮಣ್ಣೇ ಕೂಗುತ್ತದೆ, ಕಲ್ಲೇ ಕೂಗುತ್ತದೆ. ಅಲ್ಲಿ ಚಿನ್ನ ಇದ್ದರೂ ಕೇಳಿಸುವುದಿಲ್ಲ," ಎಂದ.

ರೊಟ್ಟಿ ಬಡಿಯುತ್ತಿದ್ದ ನಿಂಬೆವ್ವ ಕೈ ನಿಲ್ಲಿಸಿದಳು. "ಸಾಹೇಬರ, ಅದನ್ನು ನನಗೆ ಕೊಡ್ರಿ. ನಾ ಹುಡುಕ್ತೀನಿ."

ಸಮೀಕ್ಷಕ ನಕ್ಕ. ಆದರೆ ಯಂತ್ರ ಹೇಗೂ ಸುಮ್ಮನೆ ಬಿದ್ದಿತ್ತು. ಕೈ ತೊಳೆದುಕೊಂಡು ಬಂದವಳನ್ನು ನೋಡಿ ಅವನು ಬ್ಯಾಟರಿ ಹಾಕುವುದನ್ನೂ ಮೂರು ಗುಂಡಿಗಳನ್ನೂ ತೋರಿಸಿಕೊಟ್ಟ.

"ಮಳೆ ಬಂದರೆ ನಾವು ಹೊರಡುತ್ತೇವೆ. ಅಲ್ಲಿಯವರೆಗೆ ಇಟ್ಟುಕೋ. ಏನಾದರೂ ಸಿಕ್ಕರೆ ನಮಗೆ ಒಪ್ಪಿಸಬೇಕು."

"ಚಿನ್ನ ನಿಮಗೇ ಇರಲಿ," ಎಂದಳು ನಿಂಬೆವ್ವ. "ಅದು ಅಲ್ಲಿ ಸಿಕ್ಕಿತು ಅನ್ನೋದಷ್ಟೇ ನನಗೆ ಬೇಕು."

ದಿನವೂ ಅಡುಗೆ ಮುಗಿಸಿ ಅತ್ತೆ ಸೊಸೆ ಇಬ್ಬರೂ ಕೊರಕಲಿಗೆ ಹೋದರು. ಮೊದಲ ವಾರ ನಿಂಬೆವ್ವ ಸಮೀಕ್ಷಕ ಮಾಡಿದ್ದನ್ನೇ ಮಾಡಿದಳು. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಯಂತ್ರದ ಕಿವಿಯನ್ನು ಎಷ್ಟು ಚುರುಕು ಮಾಡಬಹುದೋ ಅಷ್ಟು ಮಾಡಿಕೊಂಡು, ಕೊರಕಲಿನ ಉದ್ದಕ್ಕೂ ನಡೆದಳು. ಯಂತ್ರ ಒಂದು ಕ್ಷಣವೂ ಬಾಯಿ ಮುಚ್ಚಲಿಲ್ಲ. ನಲವತ್ತು ಕಡೆ ನೆಲ ತೋಡಿದಳು. ಕೈಯಲ್ಲಿ ಬೊಬ್ಬೆ ಎದ್ದವು. ಮೇಲಿನ ದಾರಿಯಲ್ಲಿ ಹೋಗುವವರು ನಿಂತು ನೋಡಿ, "ಕಳ್ಳಿಯ ಸೊಸೆ ಕಲ್ಲು ಬೆಳೀತಾಳ," ಎಂದು ನಗುತ್ತಿದ್ದರು. ಒಂದು ದಿನ ನಿಂಬೆವ್ವ ಸಿಟ್ಟಿನಿಂದ ಯಂತ್ರವನ್ನು ನೆಲಕ್ಕಿಟ್ಟು ಅಳಲು ಕುಳಿತಳು.

ಗಾಳೆವ್ವ ಒಂದು ಕರಿ ಕಲ್ಲನ್ನು ಎತ್ತಿ ಬಿಲ್ಲೆಯ ಮುಂದೆ ಹಿಡಿದಳು. ಯಂತ್ರ ಗುಂಯ್ ಎಂದಿತು. ಕಲ್ಲು ಎಸೆದು ಒಂದು ಹಿಡಿ ಕೆಂಪು ಮಣ್ಣು ಹಿಡಿದಳು. ಯಂತ್ರ ಬೇರೆ ಥರ ಗೊಣಗಿತು.

"ಅದು ಬರೇ ಕೂಗ್ತಿಲ್ಲವ್ವ," ಎಂದಳು. "ಕಲ್ಲಿಗೊಂದು ಕೂಗು ಐತಿ, ಮಣ್ಣಿಗೊಂದು ಐತಿ. ಬಂಗಾರಕ್ಕೂ ಒಂದು ಇರಬೇಕಲ್ಲ?"

ಮನೆಯಲ್ಲಿ ಬಂಗಾರವೆಂದರೆ ನಿಂಬೆವ್ವನ ತಾಳಿಯ ಎರಡು ಗುಂಡು ಮಾತ್ರ. ಅದನ್ನು ಬಿಚ್ಚಲು ಅವಳು ಕೈ ಹಾಕಿದಾಗ ಗಾಳೆವ್ವ ಗದರಿದಳು. ಮುತ್ತೈದೆ ತಾಳಿ ಬಿಚ್ಚುವುದುಂಟೇ? ನಿಂಬೆವ್ವ ಸ್ವಲ್ಪ ಯೋಚಿಸಿದಳು. ತಾಳಿಯೊಂದನ್ನು ಬಿಟ್ಟು ಮೈಮೇಲಿದ್ದ ಲೋಹದ ಒಡವೆಗಳನ್ನೆಲ್ಲ ತೆಗೆದು ದೂರ ಇಟ್ಟಳು. ಆಮೇಲೆ ಕೊರಕಲಿನ ನೆಲದ ಮೇಲೆ ಬೋರಲು ಮಲಗಿ, ಕೊರಳಲ್ಲಿದ್ದ ತಾಳಿಯ ದಾರವನ್ನು ಒಂದು ಮೊಳ ದೂರಕ್ಕೆ ಚಾಚಿ, ಗುಂಡುಗಳ ಮೇಲೆ ಕೆಂಪು ಮಣ್ಣು ಎಳೆದುಕೊಂಡಳು.

"ಬಿಚ್ಚಿಲ್ಲ, ನೋಡ್ರಿ. ಈಗ ಯಂತ್ರ ಆಡಿಸ್ರಿ ಅತ್ತಿ."

ಗಾಳೆವ್ವ ಜೀವಮಾನದಲ್ಲಿ ಯಾವ ಯಂತ್ರವನ್ನೂ ಮುಟ್ಟಿದವಳಲ್ಲ. ಹೆದರುತ್ತಲೇ ಕೋಲನ್ನು ಹಿಡಿದು ಮೆಲ್ಲಗೆ ಆಡಿಸಿದಳು. ಮಣ್ಣಿನ ಕೂಗು ಎಲ್ಲವನ್ನೂ ಮುಚ್ಚಿಹಾಕಿತು. ನಿಂಬೆವ್ವ ಮಲಗಿದಲ್ಲಿಂದಲೇ ಗುಂಡಿ ತಿರುಗಿಸುವಂತೆ ಹೇಳಿದಳು. ಗಾಳೆವ್ವ ಯಾವ ಕಡೆಗೆ ತಿರುಗಿಸಬೇಕೋ ತಿಳಿಯದೆ ಹಿಂದಕ್ಕೆ ತಿರುಗಿಸಿಬಿಟ್ಟಳು. ಯಂತ್ರದ ಕಿವಿ ಮಂದವಾಯಿತು. ಅಬ್ಬರ ಇಳಿದು ಜೇನುಹುಳದಂಥ ಒಂದು ಗುನುಗು ಉಳಿಯಿತು. ಬಿಲ್ಲೆ ತಾಳಿಯ ಮೇಲೆ ಹೋದಾಗ ಆ ಗುನುಗಿನ ನಡುವೆ ಸಣ್ಣದೊಂದು ದನಿ ಎದ್ದು ಬಿತ್ತು. ಅದು ಜೋರಾಗಿರಲಿಲ್ಲ. ಆಚೆಯಿಂದ ಈಚೆಗೆ ತಂದರೂ ಅದೇ ದನಿ, ಈಚೆಯಿಂದ ಆಚೆಗೆ ಒಯ್ದರೂ ಅದೇ ದನಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಿಂಬೆವ್ವನ ಮೂಗಿನ ತುಂಬ ಕೆಂಪು ಮಣ್ಣಾಗಿತ್ತು. ಗಾಳೆವ್ವ ನಕ್ಕಳು. ಅತ್ತೆ ನಗುವುದನ್ನು ಸೊಸೆ ಅಂದೇ ಮೊದಲು ನೋಡಿದ್ದು.

ಆಮೇಲೆ ಒಂದು ತಿಂಗಳು ಅವರು ಒಂದು ಗುಂಡಿಯನ್ನೂ ತೋಡಲಿಲ್ಲ. ಬರೀ ಕೇಳಿದರು. ಹತ್ತು ಹೆಜ್ಜೆಗೊಮ್ಮೆ ನಿಂತು, ಬಿಲ್ಲೆಯನ್ನು ಮೇಲೆತ್ತಿ ಇಳಿಸಿ, ಆ ಜಾಗದ ಮಣ್ಣಿಗೆ ಯಂತ್ರವನ್ನು ಹೊಂದಿಸಿಕೊಂಡರು. ನೆಲದ ಒಡಲು ಬದಲಾದಂತೆ ದನಿ ಹೇಗೆ ಬದಲಾಗುತ್ತದೆ ಎಂದು ನಿಂಬೆವ್ವನ ಕಿವಿ ಕಲಿಯಿತು. ಬೇಗ ನಡೆದರೆ ತಪ್ಪುತ್ತದೆ ಎಂದು ಕಾಲು ಕಲಿಯಿತು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ರೊಟ್ಟಿ ಬಿಚ್ಚಿಕೊಂಡು ತಿನ್ನುವಾಗಲೂ ಅವಳ ಕಿವಿಯಲ್ಲಿ ಆ ಗುನುಗು ಇರುತ್ತಿತ್ತು. ಈಗ ಅದು ಅವಳಿಗೆ ನೆರೆಮನೆಯವರ ಮಾತಿನಂತಾಗಿತ್ತು.

ಮುಗಿಲು ಕಟ್ಟತೊಡಗಿತು. ಸಮೀಕ್ಷೆಯವರು ಪೆಟ್ಟಿಗೆಗಳನ್ನು ಕಟ್ಟಲು ಶುರುಮಾಡಿದರು. ಹೊರಡಲು ಎರಡು ದಿನ ಉಳಿದಿದ್ದಾಗ ಒಂದು ಬೆಳಗ್ಗೆ, ಕೊರಕಲು ತಿರುಗುವ ಕಡೆಯಲ್ಲಿ, ನಿಂಬೆವ್ವನ ಕೈ ನಿಂತಿತು. ಗುನುಗಿನ ನಡುವೆ ಒಂದು ದನಿ ಎದ್ದು ಬಿತ್ತು. ಅಡ್ಡ ಆಡಿಸಿದಳು, ಉದ್ದ ಆಡಿಸಿದಳು. ಮೇಲಿನ ಮಣ್ಣನ್ನು ಕಾಲಿನಿಂದ ಸರಿಸಿದಳು. ಮಣ್ಣಿನ ಕೂಗಾಗಿದ್ದರೆ ಅದು ಚದುರಿಹೋಗಬೇಕಿತ್ತು. ಚದುರಲಿಲ್ಲ, ಇನ್ನಷ್ಟು ತಿಳಿಯಾಯಿತು.

ಗಾಳೆವ್ವ ಗುದ್ದಲಿ ಎತ್ತಿಕೊಂಡಳು. ನಿಂಬೆವ್ವ ಅವಳ ಕೈ ಹಿಡಿದಳು.

"ನಾವು ಅಗೀಬಾರದು. ನಾವೇ ಹುಗಿದು ನಾವೇ ತೆಗೆದ್ವಿ ಅಂತಾರ. ಅವರೇ ಬಂದು ಅಗೀಲಿ. ನೀವು ಇಲ್ಲೇ ಕೂಡ್ರಿ, ನಾ ಬರೋತನಕ ಏಳಬ್ಯಾಡ್ರಿ."

"ಮೊಳೆ ಇದ್ದರ? ಎತ್ತಿನ ಲಾಳ ಇದ್ದರ?" ಗಾಳೆವ್ವ ಗುದ್ದಲಿ ಕೆಳಗಿಟ್ಟಳು. "ಊರೆಲ್ಲ ನೋಡ್ತಿರ್ತದವ್ವ."

"ಹೌದು, ನೋಡಲಿ," ಎಂದು ನಿಂಬೆವ್ವ ಹೊರಟಳು.

ಅವಳು ಜಾಲಗಾರರ ಹಿರಿಯ ಯಮನಪ್ಪನ ಬಾಗಿಲಿಗೆ ಹೋದಳು. ಇಪ್ಪತ್ತಾರು ವರ್ಷದ ಹಿಂದೆ ಕಟ್ಟು ಹಾಕಿದವನು ಅವನೇ. "ಕೊರಕಲಿನಾಗ ಬಂಗಾರ ಐತಿ. ನಿಮ್ಮ ಕೈಲೇ ತೆಗೀರಿ. ಇಲ್ಲದಿದ್ದರ ನನಗೂ ಕಟ್ಟು ಹಾಕ್ರಿ," ಎಂದಳು.

ಯಮನಪ್ಪ ಬಂದ. ಅವನ ಹಿಂದೆ ಊರೂ ಬಂತು. ಡೇರೆಯಿಂದ ಸಮೀಕ್ಷಕನೂ ಬಂದ. ಗಾಳೆವ್ವ ಕಲ್ಲಿನಂತೆ ಅಲ್ಲೇ ಕುಳಿತಿದ್ದಳು. ಸೊಸೆ ಕೈಕೊಟ್ಟು ಎಬ್ಬಿಸಿದಳು.

ಯಮನಪ್ಪ ಗುದ್ದಲಿ ಹಾಕಿದ. ಎರಡನೆಯ ಏಟಿಗೆ ಒಂದು ದೊಡ್ಡ ಕರಿ ಕಲ್ಲು ಮೇಲೆ ಬಂತು. ಜನ ಹೋ ಎಂದು ನಕ್ಕರು. ಸಮೀಕ್ಷಕ ತಲೆ ತಗ್ಗಿಸಿದ. ನಿಂಬೆವ್ವ ಕಲ್ಲನ್ನು ದೂರ ಒಯ್ದು ಇಟ್ಟು ಬಂದು, ಗುಂಡಿಯ ಮೇಲೆ ಬಿಲ್ಲೆ ಹಿಡಿದಳು. ದನಿ ಅಲ್ಲೇ ಇತ್ತು.

"ಇನ್ನೂ ಐತಿ. ಅಗೀರಿ."

ಗೇಣುದ್ದ ಇಳಿದ ಮೇಲೆ ಯಮನಪ್ಪ ಗುದ್ದಲಿ ಬಿಟ್ಟು ಕೈ ಹಾಕಿದ. ಮಣ್ಣಿನ ಹೆಂಟೆಯೊಂದು ಅವನ ಕೈಗೆ ಬಂತು. ಹೆಂಟೆ ಸಣ್ಣದು, ಭಾರ ಮಾತ್ರ ಹೆಚ್ಚು. ಐವತ್ತು ವರ್ಷ ಮರಿಗೆ ತೊಳೆದ ಕೈ ಅದು, ತೂಕ ತಿಳಿಯಿತು. ಅವನು ಮಂಡಿಯೂರಿ ಕುಳಿತುಬಿಟ್ಟ. ಧೋತರದ ಅಂಚಿನಿಂದ ಒರೆಸಿದ. ಅಡಿಕೆಯಷ್ಟು ದಪ್ಪದ ಗಟ್ಟಿ, ಒಂದು ಮಗ್ಗುಲಿಗೆ ಬಿಳಿಕಲ್ಲು ಇನ್ನೂ ಕಚ್ಚಿಕೊಂಡೇ ಇತ್ತು. ಯಾವ ಅಕ್ಕಸಾಲಿಗನೂ ಅದನ್ನು ಮಾಡಿರಲಾರ.

ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಯಮನಪ್ಪ ರುಮಾಲು ತೆಗೆದು ಗಾಳೆವ್ವನ ಮುಂದೆ ಇಟ್ಟ.

"ತಂಗಿ, ತಪ್ಪು ನಂದು. ನಿನ್ನ ಇಪ್ಪತ್ತಾರು ವರ್ಷ ನಾ ತಿಂದೆ. ಏನು ಬೇಕು ಹೇಳು."

ಗಾಳೆವ್ವ ರುಮಾಲನ್ನು ಎತ್ತಿ ಅವನ ಕೈಗೆ ಕೊಟ್ಟಳು. ಆಮೇಲೆ, "ಮಳೆ ಬಂದರ ಹಳ್ಳಕ್ಕ ಬರ್ತೀನಿ," ಎಂದಳು.

ಗಟ್ಟಿಯನ್ನು ಸಮೀಕ್ಷೆಯವರು ಒಯ್ದರು. ಮಾತಿನಂತೆ ನಿಂಬೆವ್ವ ತಡೆಯಲಿಲ್ಲ. ಸಮೀಕ್ಷಕ ತನ್ನ ನಕ್ಷೆಯಲ್ಲಿ ಅದು ಸಿಕ್ಕಿದ ಜಾಗ ಗುರುತಿಸಿ, ಅದರಲ್ಲಿ ಹೆಸರಿಲ್ಲದ ಆ ಕೊರಕಲಿಗೆ ಗಾಳೆವ್ವನ ಕೊರಕಲು ಎಂದು ಬರೆದುಕೊಂಡ. ದೇವಿಯ ಮೂಗುತಿ ಏನಾಯಿತೆಂಬುದು ಇವತ್ತಿಗೂ ಯಾರಿಗೂ ತಿಳಿದಿಲ್ಲ.

ಎಂಟನೆಯ ದಿನ ಮಳೆ ಬಂತು. ಜಾಲಗಾರರ ಇಪ್ಪತ್ತು ಮನೆಯವರೂ ದಂಡೆಯಲ್ಲಿ ಸಾಲಾಗಿ ನಿಂತರು, ಯಾರೂ ನೀರಿಗಿಳಿಯಲಿಲ್ಲ. ಗಾಳೆವ್ವ ಅತ್ತ ಇತ್ತ ನೋಡಿದಳು. ತನಗಾಗಿಯೇ ಕಾಯುತ್ತಿದ್ದಾರೆ ಎಂದು ಅವಳಿಗೆ ತಡವಾಗಿ ಅರ್ಥವಾಯಿತು. ಸೀರೆ ಎತ್ತಿ ಕಟ್ಟಿ ಮೊದಲು ಅವಳು ಇಳಿದಳು. ಪಕ್ಕದಲ್ಲಿ ನಿಂಬೆವ್ವ ಇಳಿದಳು, ಆಮೇಲೆ ಊರು ಇಳಿಯಿತು. ಗಾಳೆವ್ವ ಮರಿಗೆಯಲ್ಲಿ ಮರಳು ತುಂಬಿ ತಿರುವಿದಳು. ಕೈ ಏನನ್ನೂ ಮರೆತಿರಲಿಲ್ಲ. ಯಾರೋ ಹಾಡು ಎತ್ತಿದರು, ಹಳ್ಳದ ಎರಡೂ ದಂಡೆ ಅದನ್ನು ಹಿಡಿದವು.

ಗುರುಗಳು ನಿಲ್ಲಿಸಿದರು. ಮರುಳಯ್ಯನ ಮುಖ ಅರಳಿತ್ತು. ಅವನು ಮುಂದಕ್ಕೆ ಬಾಗಿ ಕೇಳಿದ.

"ಹಾಗಾದರೆ, ಗುರುಗಳೇ, ಆ ನೆಲದ ಕೂಗು ನಿಂತದ್ದು ಯಾವಾಗ?"

"ನಿನ್ನೆಯೂ ನಾನು ಆ ದಾರಿಯಲ್ಲಿ ಬಂದೆ, ಯಾರೋ ಯಂತ್ರ ಆಡಿಸುತ್ತಿದ್ದರು, ನೆಲ ಕೂಗುತ್ತಲೇ ಇತ್ತು," ಎಂದರು ಗುರುಗಳು.

ಮರುಳಯ್ಯ ತನ್ನ ಜಾಗಕ್ಕೆ ಹೋಗಿ ಮತ್ತೆ ಕಣ್ಣು ಮುಚ್ಚಿ ಕುಳಿತ.