ಅಂಚು ಮುರುಟಿದ ಹೊದಿಕೆ

ಹೊಳೆ ದಂಡೆಯ ಆ ಆಶ್ರಮಕ್ಕೆ ಚಿದಂಬರಮ್ಮನವರು ಗುರುಗಳು. ಮಾತು ಕಡಿಮೆ. ಆಡಿದ ಒಂದೆರಡು ಮಾತೂ ಕೇಳಿದವರ ತಲೆಗೆ ಹುಳ ಬಿಟ್ಟು ಹೋಗುತ್ತಿತ್ತು.

ಅವರ ಶಿಷ್ಯೆ ಭಾಗೀರಥಿ ಕ್ರೋಶಾ ಕಡ್ಡಿ ಹಿಡಿದು ಪುಟ್ಟ ಹೊದಿಕೆಯೊಂದನ್ನು ಹೆಣೆಯುತ್ತಿದ್ದಳು. ಹಳದಿ ಉಲ್ಲನ್ನಿನದು. ತಂಗಿ ವಿಶಾಲುವಿನ ಕೂಸಿಗೆ.

ತಾಯಿಯಿಲ್ಲದ ಆ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ತಂಗಿ ತಾನು ಮೆಚ್ಚಿದವನನ್ನು ಮದುವೆಯಾಗುತ್ತೇನೆ ಎಂದಾಗ, "ಇನ್ನು ನಿನ್ನ ಮುಖ ತೋರಿಸಬೇಡ" ಎಂದುಬಿಟ್ಟವಳೂ ಇವಳೇ. ಆಶ್ರಮ ಸೇರಿದ್ದು ಆಮೇಲೆ.

ಈಗ ತಂಗಿ ಹೇಳಿಕಳಿಸಿದ್ದಳು. "ಅಕ್ಕ ಬಂದು ಮಗುವನ್ನು ತೊಟ್ಟಿಲಿಗೆ ಹಾಕಲಿ. ಈ ಸಲ ಬರದಿದ್ದರೆ ಮತ್ತೆ ಕರೆಯುವುದಿಲ್ಲ."

ಹೋಗಲೇಬೇಕು. ಆದರೆ ಈ ಹಾಳು ಅಂಚು! ಹೊದಿಕೆಯನ್ನು ನೆಲಕ್ಕೆ ಹಾಸಿದರೆ ಸಾಕು, ಕೆಳಗಿನ ಅಂಚು ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಮುರುಟಿಕೊಳ್ಳುತ್ತಿತ್ತು. ನೀರು ಚಿಮುಕಿಸಿ ಮೇಲೆ ಕಲ್ಲು ಹೇರಿದಳು. ಕಲ್ಲು ತೆಗೆದರೆ ಮತ್ತೆ ಅದೇ ಕಥೆ.

"ಅಮ್ಮ, ಇದನ್ನ ಹೇಗೆ ಸರಿಮಾಡಲಿ?"

ಚಿದಂಬರಮ್ಮ ಅಂಚನ್ನು ಬೆರಳಲ್ಲಿ ಸವರಿ ನೋಡಿದರು.

"ಬಿಡು," ಎಂದರು. ಎದ್ದು ಹೊಳೆಯ ಕಡೆ ಹೋದರು.

ಭಾಗೀರಥಿ ಪಿಳಿಪಿಳಿ ನೋಡುತ್ತಾ ಕೂತಳು. ಬಿಡು ಅಂದರೆ ಏನು ಬಿಡಬೇಕು? ಆಶ್ರಮದಲ್ಲಿ ಬಿಡು ಎಂದರೆ ಇನ್ನೇನು, ಮೋಹ ಬಿಡು ಅಂತಲೇ ಇರಬೇಕು. ತಂಗಿಯನ್ನು ಬಿಡು, ಕೂಸನ್ನು ಬಿಡು, ತೊಟ್ಟಿಲನ್ನೂ ಬಿಡು. ಗುರುಗಳ ಮಾತು ಮೀರುವುದುಂಟೆ? ಹೊದಿಕೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದಳು.

ಮರುದಿನ ಚಿದಂಬರಮ್ಮ ಕೇಳಿದರು. "ಎಲ್ಲಿ ಹೊದಿಕೆ?"

"ಬಿಡು ಅಂದಿರಲ್ಲಮ್ಮ. ಬಿಟ್ಟೆ."

"ಅಯ್ಯೋ ಪುಣ್ಯಾತಗಿತ್ತಿ, ದಾರ ಬಿಡು ಅಂದೆ ಕಣೇ ನಾನು. ಹಗ್ಗ ಜಗ್ಗಿದ ಹಾಗೆ ಜಗ್ಗಿದ್ದೀಯ."

ಭಾಗೀರಥಿಗೆ ನಾಚಿಕೆಯಾಯಿತು. ಹೊದಿಕೆಯನ್ನು ಕೆಳಗಿಳಿಸಿ, ಸುತ್ತಲೂ ಇನ್ನೊಂದು ಸಾಲು ಹೆಣೆದಳು. ಈ ಸಲ ದಾರವನ್ನು ಧಾರಾಳವಾಗಿ ಬಿಟ್ಟಳು. ಏನಾಯಿತು? ಹೊಸ ಸಾಲು ಲಂಗದ ನೆರಿಗೆಯಂತೆ ಕುಣಿಯತೊಡಗಿತು. ಕೆಳಗಿನ ಅಂಚು ಮಾತ್ರ ಮುರುಟಿಕೊಂಡೇ ಇತ್ತು.

ಅವಳಿಗೆ ಅಳು ಬಂತು. "ಎಳೆದರೂ ತಪ್ಪು, ಬಿಟ್ಟರೂ ತಪ್ಪು. ನನಗೆ ಒಂದೂ ತಿಳೀತಿಲ್ಲಮ್ಮ."

"ನೀನು ಬಿಟ್ಟಿದ್ದು ಕೊನೇ ಸಾಲಲ್ಲಿ. ಬಿಗಿ ಇರೋದು ಕೆಳಗಿನ ಮೊದಲನೇ ಸಾಲಲ್ಲಿ."

ಚಿದಂಬರಮ್ಮ ಉಲ್ಲನ್ ಉಂಡೆಯನ್ನೂ ಕಡ್ಡಿಯನ್ನೂ ಅವಳ ಕೈಗೆ ಕೊಟ್ಟರು.

"ಮೊದಲನೇ ಸಾಲಿಗೆ ಹಾಕ್ತೀಯಲ್ಲ, ಆ ಸರಪಳಿ ಹಾಕು. ಹಾಕ್ತಾ ಹಾಕ್ತಾ ಹೇಳು, ಅವತ್ತು ತಂಗಿಗೆ ನೀನು ಏನೇನಂದೆ?"

ಭಾಗೀರಥಿ ಹೆಣೆಯುತ್ತಾ ಹೇಳಿದಳು. ನಿನಗೋಸ್ಕರ ನಾನು ಮದುವೆಯಾಗಲಿಲ್ಲ ಅಂದೆ. ನೀನು ಉಂಡ ಮನೆಗೆ ಎರಡು ಬಗೆದೆ ಅಂದೆ. ಹೇಳುತ್ತಾ ಹೇಳುತ್ತಾ ಸರಪಳಿ ಎಷ್ಟು ಬಿಗಿಯಾಯಿತೆಂದರೆ ಕಡ್ಡಿ ತೂರಲೇ ಇಲ್ಲ.

"ಈಗ ಅವಳು ಏನಂದಳು ಹೇಳು. ಕೈ ನಿಲ್ಲಿಸಬೇಡ."

ಭಾಗೀರಥಿ ಹೊಸದಾಗಿ ಸರಪಳಿ ಶುರುಮಾಡಿದಳು. ತನ್ನ ಮಾತೆಲ್ಲ ಒಂದಕ್ಷರ ಬಿಡದೆ ನೆನಪಿದೆ. ತಂಗಿ ಆಡಿದ್ದೇನು? ಎಷ್ಟು ತಡಕಿದರೂ ಸಿಗಲೊಲ್ಲದು.

"ಅವಳು... ತಿರುಗಿ ಏನೂ ಅನ್ನಲಿಲ್ಲಮ್ಮ. ಹೊಸಿಲ ಹತ್ರ ನಿಂತಿದ್ದಳು. ನಿನ್ನ ಮಾತ್ರೆ ಅಡುಗೆಮನೆ ಗೂಡಲ್ಲಿಟ್ಟಿದೀನಿ ಅಕ್ಕ, ಊಟ ಆದ ಮೇಲೆ ತಗೋ ಅಂದಳು. ಅಷ್ಟೇ."

ಹೇಳಿ ಮುಗಿಸಿ ಕೆಳಗೆ ನೋಡಿದಳು. ಮಡಿಲಲ್ಲಿ ಸರಪಳಿ ಒಂದೇ ಹದದಲ್ಲಿ ಸಡಿಲವಾಗಿ ಬಿದ್ದಿತ್ತು. ಅದೇ ಕಡ್ಡಿ, ಅದೇ ದಾರ, ಅದೇ ಕೈ. ಇದು ಹೇಗಾಯಿತು ಎಂದು ಅವಳಿಗೆ ತಿಳಿಯಲೇ ಇಲ್ಲ.

ಮಧ್ಯಾಹ್ನವಿಡೀ ಕೂತು ನೆರಿಗೆಯ ಸಾಲನ್ನು ಬಿಚ್ಚಿದಳು. ಮೊದಲನೆಯ ಸಾಲನ್ನು ಕತ್ತರಿಸಿ ಬಿಡಿಸಿ, ಉಳಿದ ಕುಣಿಕೆಗಳಿಗೆ ಹೊಸ ಸಾಲು ಕೊಟ್ಟಳು. ಹಾಸಿದಾಗ ಹೊದಿಕೆ ನೆಲಕ್ಕೆ ಅಂಟಿದ ಹಾಗೆ ಕೂತಿತು. ಒಂದು ಮೂಲೆ ಮಾತ್ರ ಚೂರು ಎದ್ದಿತ್ತು.

ತಂಗಿಯ ಊರಿರುವ ಆಚೆ ದಡಕ್ಕೆ ಕೊನೆಯ ದೋಣಿ ಹೊರಡುವ ಹೊತ್ತು. ಅಂಬಿಗ ಕೂಗು ಹಾಕಿದ. ಭಾಗೀರಥಿ ಏಳಲಿಲ್ಲ.

"ಈ ಮೂಲೆ ಇನ್ನೂ ಏಳ್ತಿದೆ ಅಮ್ಮ. ಇದೊಂದನ್ನ ಸರಿಮಾಡ್ಕೊಂಡು ನಾಳಿದ್ದು ಹೋಗ್ತೀನಿ."

"ತೊಟ್ಟಿಲು ಯಾವತ್ತು?"

"ನಾಳೆ," ಎಂದಳು. ಆಮೇಲೆ ತಡೆಯಲಾಗದೆ ಹೇಳಿಯೇಬಿಟ್ಟಳು. "ನನಗೆ ಭಯ ಆಗ್ತಿದೆ. ಯಾವ ಮುಖ ಇಟ್ಕೊಂಡು ಹೋಗಲಿ?"

ಚಿದಂಬರಮ್ಮ ಬಗ್ಗಿ ಆ ಮೂಲೆಯನ್ನು ಬೆರಳಿಂದ ಒತ್ತಿದರು. ಬೆರಳು ತೆಗೆದರು. ಮೂಲೆ ಮತ್ತೆ ಎದ್ದಿತು. ಹೊದಿಕೆಯನ್ನು ಮಡಚಿ ಶಿಷ್ಯೆಯ ಕಂಕುಳಿಗೆ ತುರುಕಿ ಹೇಳಿದರು:

"ಆ ಮೂಲೆ ನಿನ್ನೊಬ್ಬಳಿಂದ ಕೂರೋದಲ್ಲ. ತಂಗಿಗೆ ಹಿಡ್ಕೊಳ್ಳೋಕೆ ಹೇಳು."